ಯುದ್ಧದ ಪುಸ್ತಕ ಓದುವುದು ಹೇಗೆ: ಒಂದು ಕಾಳಗ, ಕೆಲವು ಪುಸ್ತಕ, ಒಂದು ನಕ್ಷೆ

ಯುದ್ಧದ ಇತಿಹಾಸ ಓದಬೇಕು ಅಂತ ಆಸೆಪಟ್ಟು ದಪ್ಪ ಪುಸ್ತಕ ಕೊಂಡು ತರುವವರು ತುಂಬಾ ಜನ. ಐವತ್ತು ಪುಟ ದಾಟುವ ಮೊದಲೇ ಅದನ್ನು ಮುಚ್ಚಿಡುವವರೂ ಕಡಿಮೆಯೇನಿಲ್ಲ. ಒಂದೇ ಪುಟದಲ್ಲಿ ಆರು ಮಂದಿ ಜನರಲ್‌ಗಳು ಬರುತ್ತಾರೆ. ಎಂದೂ ಕೇಳದ ಕಣಿವೆ, ಸೇತುವೆ, ಠಾಣೆಗಳ ಹೆಸರು ಸಾಲುಗಟ್ಟುತ್ತವೆ. ಬ್ರಿಗೇಡ್ ದೊಡ್ಡದೋ ಡಿವಿಷನ್ ದೊಡ್ಡದೋ ತಿಳಿದಿರುವುದಿಲ್ಲ. ಹೀಗಾದರೆ ಯಾರಿಗೆ ಬೇಸರ ಬರುವುದಿಲ್ಲ?

ಆದರೂ ಈ ಪುಸ್ತಕಗಳನ್ನು ಬಿಡಬಾರದು. ರಾಜಧಾನಿಯ ಒಂದು ಕೋಣೆಯಲ್ಲಿ ಆಡಿದ ಮಾತು ಎಷ್ಟೋ ಕೈ ದಾಟಿ, ಕೊನೆಗೆ ಚಳಿಯಲ್ಲಿ ಗುಂಡಿ ತೋಡಿ ಕೂತ ಜವಾನನ ತಲೆಯ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಬಗೆಯ ಓದು ನನಗೆ ಸಿಕ್ಕಿಲ್ಲ. ಅದು ಕಾಣಬೇಕಾದರೆ ಓದುವುದಕ್ಕೆ ಒಂದು ಕ್ರಮ ಬೇಕು. ಆ ಕ್ರಮವನ್ನು 1962ರ ಭಾರತ-ಚೀನಾ ಯುದ್ಧ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ.

ಇಡೀ ಯುದ್ಧ ಬೇಡ, ಒಂದು ಕಾಳಗ ಸಾಕು

ಎರಡನೇ ಮಹಾಯುದ್ಧದ ಇತಿಹಾಸದಿಂದ ಶುರು ಮಾಡಬೇಡಿ. ಅದು ದೊಡ್ಡ ಸಮುದ್ರ. ಕೆಲವೇ ವಾರಗಳಲ್ಲಿ, ಒಂದೇ ಕಣಿವೆಯಲ್ಲಿ ನಡೆದು ಮುಗಿದ ಕಾಳಗವೊಂದನ್ನು ಆರಿಸಿಕೊಳ್ಳಿ. ಅದರ ಬಗ್ಗೆ ಬೇರೆ ಬೇರೆ ಜನ ಬರೆದಿರಬೇಕು, ಅದು ಮುಖ್ಯ.

ನಮ್ಕಾ ಚೂ ಕಾಳಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಈಗಿನ ಅರುಣಾಚಲ ಪ್ರದೇಶದ ತವಾಂಗ್ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ, ಭೂತಾನಿನ ಗಡಿಗೆ ತಾಗಿಕೊಂಡಂತೆ ಹರಿಯುವ ಸಣ್ಣ ಹೊಳೆ ಅದು. 1962ರ ಸೆಪ್ಟೆಂಬರಿನಲ್ಲಿ ಶುರುವಾದ ತಿಕ್ಕಾಟ ಅಕ್ಟೋಬರ್ 20ರ ಬೆಳಿಗ್ಗೆ ನಮ್ಮ 7ನೇ ಬ್ರಿಗೇಡ್ ನುಚ್ಚುನೂರಾಗುವುದರೊಂದಿಗೆ ಮುಗಿಯಿತು.

ಕನ್ನಡದವರಿಗೆ ಇನ್ನೊಂದು ಅನುಕೂಲವೂ ಇದೆ. ಆ ಬ್ರಿಗೇಡಿನ ಕಮಾಂಡರ್ ಜಾನ್ ದಳ್ವಿ 1969ರಲ್ಲಿ ಹೊರತಂದ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದಿದ್ದಾರೆ. ನಿಮ್ಮ ಮನೆಯ ಕಪಾಟಿನಲ್ಲೇ ಅದು ಇರಬಹುದು. ಇಲ್ಲದಿದ್ದರೆ ನೆಂಟರ ಮನೆಯಲ್ಲಿ ಸಿಕ್ಕೀತು.

ಪುಸ್ತಕ ತೆರೆಯುವ ಮೊದಲು ನಕ್ಷೆ ತೆರೆಯಿರಿ

ಇದನ್ನು ದಾಟಿ ಮುಂದೆ ಹೋಗಬೇಡಿ. ಯುದ್ಧದ ಪುಸ್ತಕ ಅರ್ಥವಾಗದಿರುವುದಕ್ಕೆ ಹತ್ತರಲ್ಲಿ ಎಂಟು ಸಲ ನಕ್ಷೆ ನೋಡದಿರುವುದೇ ಕಾರಣ.

ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಉಪಗ್ರಹ ನಕ್ಷೆ ತೆಗೆಯಿರಿ. ತವಾಂಗ್ ಹುಡುಕಿ. ಅಲ್ಲಿಂದ ಪಶ್ಚಿಮಕ್ಕೆ, ಭೂತಾನಿನ ಕಡೆಗೆ ಸರಿದರೆ ಝೆಮಿತಾಂಗ್ ಸಿಗುತ್ತದೆ. ಅದರ ಉತ್ತರಕ್ಕೆ ಇನ್ನೂ ಮೇಲೆ ಹೋಗಿ. ಎತ್ತರ ತೋರಿಸುವ ನೋಟ ಹಾಕಿಕೊಂಡರೆ ಒಂದು ದೊಡ್ಡ ಬೆಟ್ಟಸಾಲು ಕಾಣುತ್ತದೆ. ಅದೇ ಥಾಗ್ಲಾ. ಅದರ ತೆಕ್ಕೆಯಲ್ಲಿ, ಕೆಳಗೆ, ನಮ್ಕಾ ಚೂ ಹೊಳೆ. ಹೊಳೆಯ ದಕ್ಷಿಣ ದಡದಲ್ಲಿ ನಮ್ಮ ಢೋಲಾ ಠಾಣೆ ಇತ್ತು.

ಈಗ ಸುಮ್ನೆ ಒಂದು ನಿಮಿಷ ನೋಡಿ. ಎತ್ತರದಲ್ಲಿ ಚೀನೀಯರು, ತಗ್ಗಿನಲ್ಲಿ ನಮ್ಮವರು. ಮೇಲಿನವರಿಗೆ ಕೆಳಗಿನವರ ಓಡಾಟ, ಅಡುಗೆಯ ಹೊಗೆ, ಗುಂಡಿ ತೋಡುವುದು ಎಲ್ಲ ಕಾಣುತ್ತದೆ. ಅಲ್ಲಿ ಉಳಿಯುವುದು ಎಷ್ಟು ಕಷ್ಟ ಅಂತ ಸೈನ್ಯಕ್ಕೆ ಸೇರದ ನಿಮಗೂ ಹೊಳೆಯುತ್ತದೆ, ಅಲ್ವಾ? ಹಾಗಿದ್ದರೆ ಅಲ್ಲಿ ಒಂದು ಇಡೀ ಬ್ರಿಗೇಡನ್ನು ಯಾಕೆ ಇಟ್ಟರು? ಈ ಪ್ರಶ್ನೆ ಮನಸ್ಸಿನಲ್ಲಿ ಹುಟ್ಟಿದ ಮೇಲೆ ಪುಸ್ತಕ ತೆರೆಯಿರಿ. ಆಮೇಲೆ ಅದು ಬೇಸರ ತರುವುದಿಲ್ಲ, ಯಾಕೆಂದರೆ ನೀವು ಉತ್ತರ ಹುಡುಕುತ್ತಾ ಓದುತ್ತೀರಿ.

ಪುಸ್ತಕದಲ್ಲಿ ಕೊಟ್ಟ ನಕ್ಷೆಗಳನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಪ್ರತಿ ಸಲ ಹಾಳೆ ಹಿಂದೆ ಮುಂದೆ ತಿರುವುವ ಕಷ್ಟ ತಪ್ಪುತ್ತದೆ. ಅದಕ್ಕಿಂತ ಒಳ್ಳೆಯದು ಬಿಳಿ ಹಾಳೆಯಲ್ಲಿ ನೀವೇ ಒಂದು ನಕ್ಷೆ ಗೀಚಿಕೊಳ್ಳುವುದು. ಚಂದ ಇರಬೇಕಿಲ್ಲ. ಹೊಳೆ, ಬೆಟ್ಟ, ಸೇತುವೆ, ಯಾರು ಎಲ್ಲಿ, ಅಷ್ಟು ಸಾಕು.

ಸೈನ್ಯದ ಲೆಕ್ಕ: ಇಷ್ಟು ತಿಳಿದರೆ ಸಾಕು

ಸುಮಾರು ಹತ್ತು ಜನ ಸೇರಿದರೆ ಒಂದು ಸೆಕ್ಷನ್. ಮೂರು ಸೆಕ್ಷನ್ ಸೇರಿ ಪ್ಲಟೂನ್. ಮೂರು ಪ್ಲಟೂನ್ ಸೇರಿ ಕಂಪನಿ, ಅಂದರೆ ನೂರರ ಮೇಲೆ ಜನ. ಕಂಪನಿಗಳು ಸೇರಿ ಬೆಟಾಲಿಯನ್ ಅಥವಾ ಪಲಟಣ. ಪೂರ್ತಿ ಭರ್ತಿಯಿದ್ದರೆ ಅದರಲ್ಲಿ ಸುಮಾರು ಎಂಟು ನೂರು ಮಂದಿ. ಸಾಮಾನ್ಯವಾಗಿ ಮೂರು ಪಲಟಣಕ್ಕೆ ಒಂದು ಬ್ರಿಗೇಡ್, ಮೂರು ಬ್ರಿಗೇಡಿಗೆ ಒಂದು ಡಿವಿಷನ್, ಅದರ ಮೇಲೆ ಕೋರ್, ಅದರ ಮೇಲೆ ಕಮಾಂಡ್.

ಭಾರತೀಯ ಸೈನ್ಯದ ಪುಸ್ತಕಗಳಲ್ಲಿ ‘2 ರಜಪೂತ್’ ಅಂತ ಬಂದರೆ ರಜಪೂತ್ ರೆಜಿಮೆಂಟಿನ ಎರಡನೇ ಪಲಟಣ ಅಂತ ತಿಳಿಯಿರಿ. ‘1/9 ಗೂರ್ಖಾ’ ಅಂದರೆ 9ನೇ ಗೂರ್ಖಾ ರೈಫಲ್ಸಿನ ಮೊದಲ ಪಲಟಣ. ನಮ್ಕಾ ಚೂ ದಡದಲ್ಲಿ ಈ ಎರಡರ ಜೊತೆ 9 ಪಂಜಾಬ್, 4 ಗ್ರೆನೇಡಿಯರ್ಸ್ ಇದ್ದವು. ಈ ನಾಲ್ಕು ಹೆಸರನ್ನು ನಿಮ್ಮ ನಕ್ಷೆಯಲ್ಲಿ ಬರೆದುಕೊಳ್ಳಿ. ಕಾಗದದ ಮೇಲೆ ಎಂಟು ನೂರು ಅಂದರೂ ಕಾಳಗದ ದಿನ ಪಲಟಣದಲ್ಲಿ ಅಷ್ಟು ಜನ ಇರುವುದೇ ಇಲ್ಲ. ರಜೆ, ಕಾಯಿಲೆ, ಬೇರೆ ಕೆಲಸ ಅಂತ ಕಡಿಮೆಯಾಗಿರುತ್ತಾರೆ. ಇದು ನೆನಪಿರಲಿ.

ಒಂದೇ ಕಾಳಗವನ್ನು ಬೇರೆ ಬೇರೆ ಎತ್ತರದಿಂದ ಓದಿ

ನನ್ನ ಮಟ್ಟಿಗೆ ಇದೇ ಇಡೀ ಓದಿನ ಜೀವ. ಒಂದು ಪುಸ್ತಕ ಓದಿ ಮುಗಿಸಿದವರು ಆ ಲೇಖಕರ ಸಿಟ್ಟನ್ನೇ ತಮ್ಮದಾಗಿಸಿಕೊಂಡು ಏಳುತ್ತಾರೆ. ಮೂರು ಪುಸ್ತಕ ಓದಿದವರು ತಾವೇ ಯೋಚಿಸಲು ಶುರು ಮಾಡುತ್ತಾರೆ.

ಮೊದಲು ದಳ್ವಿ. ಅವರು ಹೊಳೆಯ ದಡದಲ್ಲೇ ಇದ್ದವರು. ಕಾಳಗ ಮುಗಿದ ಮೇಲೆ ಅಕ್ಟೋಬರ್ 22ರಂದು ಸೆರೆಸಿಕ್ಕು, ಏಳು ತಿಂಗಳು ಚೀನೀಯರ ಕೈಯಲ್ಲಿ ಬಂದಿಯಾಗಿದ್ದವರು. ಅವರ ಪುಸ್ತಕದಲ್ಲಿ ನೋವೂ ಇದೆ, ಸಿಟ್ಟೂ ಇದೆ. ಎರಡಕ್ಕೂ ಅವರಿಗೆ ಹಕ್ಕಿತ್ತು.

ಆಮೇಲೆ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್. ಆ ಕಾರ್ಯಾಚರಣೆಗೆಂದೇ ಹೊಸದಾಗಿ ಹುಟ್ಟಿಸಿದ 4ನೇ ಕೋರಿಗೆ ಅಕ್ಟೋಬರ್ ಮೊದಲ ವಾರ ಕಮಾಂಡರ್ ಆಗಿ ಬಂದವರು. ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ದೆಹಲಿಗೆ ಮರಳಿದರು. ಚೀನೀ ದಾಳಿ ಶುರುವಾದಾಗ ಅವರು ಅಲ್ಲಿರಲಿಲ್ಲ. 1967ರಲ್ಲಿ ಬಂದ ಅವರ ‘ದಿ ಅನ್‌ಟೋಲ್ಡ್ ಸ್ಟೋರಿ’ ತಮ್ಮನ್ನು ಸಮರ್ಥಿಸಿಕೊಳ್ಳುವ ಪುಸ್ತಕ. ಹಾಗಂತ ಅದನ್ನು ಓದದೆ ಇರಬಾರದು. ಆರೋಪ ಹೊತ್ತವರ ಮಾತನ್ನು ಕೇಳದೆ ತೀರ್ಪು ಕೊಡುವುದು ಓದುಗರಿಗೆ ತರವಲ್ಲ.

ಮೂರನೆಯದು ದೆಹಲಿಯ ಮೇಜಿನ ನೋಟ. ಆಗ ಸೇನಾ ಮುಖ್ಯ ಕಚೇರಿಯಲ್ಲಿ ಮಿಲಿಟರಿ ಆಪರೇಷನ್ಸ್ ಡೈರೆಕ್ಟರ್ ಆಗಿದ್ದ ಡಿ.ಕೆ. ಪಾಲಿತ್ 1991ರಲ್ಲಿ ‘ವಾರ್ ಇನ್ ಹೈ ಹಿಮಾಲಯ’ ಬರೆದರು. ಮೇಲಿನವರು ಏನು ಮಾತಾಡಿಕೊಂಡರು, ಆದೇಶಗಳು ಹೇಗೆ ಹೊರಟವು ಎಂಬುದಕ್ಕೆ ಇದನ್ನು ನೋಡಬೇಕು. ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಬ್ರಿಟಿಷ್ ಮೂಲದ ಪತ್ರಕರ್ತರ 1970ರ ಪುಸ್ತಕ ‘ಇಂಡಿಯಾಸ್ ಚೈನಾ ವಾರ್’ ಇನ್ನೊಂದು ದಿಕ್ಕಿನದು. ಚೀನಾದ ವಾದಕ್ಕೆ ಜಾಸ್ತಿ ಒಲಿದಿದ್ದಾರೆ ಎಂಬ ಟೀಕೆ ಅವರ ಮೇಲಿದೆ. ಓದುವಾಗ ಅದು ನಿಮಗೂ ಅನಿಸಬಹುದು. ಆದರೆ ನಮಗೆ ಇಷ್ಟವಾಗದ ಪುಸ್ತಕವೇ ನಮ್ಮ ಇತರ ಪುಸ್ತಕಗಳು ಮುಟ್ಟದ ಪ್ರಶ್ನೆ ಎತ್ತುತ್ತದೆ. ಭಾರತ-ಟಿಬೆಟ್ ಗಡಿಯೆಂದು 1914ರಲ್ಲಿ ಎಳೆದ ಮ್ಯಾಕ್‌ಮಹೊನ್ ರೇಖೆ ನಕ್ಷೆಯಲ್ಲಿ ಥಾಗ್ಲಾದ ದಕ್ಷಿಣಕ್ಕೆ ಇತ್ತೇ, ಬೆಟ್ಟದ ನೆತ್ತಿಯ ಮೇಲೆ ಇರಬೇಕಿತ್ತೇ ಎಂಬುದು ಅಂಥ ಪ್ರಶ್ನೆ. ಗಡಿಯ ವಾದ ಎಂದರೇನು ಎಂದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಒಂದು ಅಭ್ಯಾಸ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ಅಕ್ಟೋಬರ್ 10ರಂದು ಹೊಳೆಯ ಉತ್ತರಕ್ಕಿದ್ದ ತ್ಸೆಂಗ್ ಜಾಂಗ್ ಎಂಬಲ್ಲಿ 9 ಪಂಜಾಬಿನ ತುಕಡಿಯ ಮೇಲೆ ಚೀನೀಯರು ದೊಡ್ಡ ಬಲದಿಂದ ಬಿದ್ದರು. ಕೌಲ್ ಆ ದಿನ ನಮ್ಕಾ ಚೂ ಕಣಿವೆಯಲ್ಲೇ ಇದ್ದರು. ಅವರು ತಕ್ಷಣ ದೆಹಲಿಗೆ ಹೊರಟರು. 11ರ ರಾತ್ರಿ ನೆಹರೂ ಅವರ ಸಮ್ಮುಖದಲ್ಲಿ ಸಭೆ ನಡೆಯಿತು. ಬ್ರಿಗೇಡನ್ನು ಅಲ್ಲೇ ಇಡಬೇಕೇ, ಹಿಂದಕ್ಕೆ ತರಬೇಕೇ? ಆ ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದರಲ್ಲಿ ಈ ಪುಸ್ತಕಗಳು ಒಂದಾಗುವುದಿಲ್ಲ. ಪ್ರತಿ ಪುಸ್ತಕದಲ್ಲೂ ಆ ಎರಡು ಮೂರು ಪುಟ ಮಾತ್ರ ಹುಡುಕಿ, ಒಂದೇ ದಿನ ಕೂತು ಓದಿ. ಯಾರು ಯಾರ ಹೆಸರು ಬಿಟ್ಟಿದ್ದಾರೆ ಅಂತ ಗಮನಿಸಿ. ಒಂದು ವರ್ಷದಲ್ಲಿ ಕಲಿಯದಿದ್ದನ್ನು ಆ ಒಂದು ಸಂಜೆ ಕಲಿಸುತ್ತದೆ.

ದಿನಾಂಕದ ಪಕ್ಕದಲ್ಲಿ ‘ಯಾರಿಗೆ ಗೊತ್ತಿತ್ತು’ ಅಂತ ಬರೆಯಿರಿ

ನೋಟ್‌ಬುಕ್ಕಿನ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ಮೂರು ಉದ್ದ ಸಾಲು ಮಾಡಿ. ಮೊದಲ ಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ನಡೆದದ್ದು, ಮೂರನೆಯದರಲ್ಲಿ ಅದು ಆ ದಿನ ಯಾರಿಗೆ ಗೊತ್ತಿತ್ತು ಎಂಬುದು.

ಸೆಪ್ಟೆಂಬರ್ 8: ಚೀನೀ ಸೈನಿಕರು ಥಾಗ್ಲಾ ಇಳಿದು ಢೋಲಾ ಠಾಣೆಯ ಹತ್ತಿರ ಬಂದರು. ಅಕ್ಟೋಬರ್ 10: ತ್ಸೆಂಗ್ ಜಾಂಗ್. ಅಕ್ಟೋಬರ್ 12: ಸಿಲೋನಿಗೆ ಹೊರಟ ನೆಹರೂ, ನಮ್ಮ ನೆಲದಿಂದ ಚೀನೀಯರನ್ನು ತೆರವು ಮಾಡಲು ಸೈನ್ಯಕ್ಕೆ ಸೂಚನೆ ಕೊಟ್ಟಿದ್ದೇವೆ ಎಂದು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ ತಿಳಿಸಿದರು. ಅಕ್ಟೋಬರ್ 20: ದಾಳಿ. ನವೆಂಬರ್ 21: ಚೀನಾ ತಾನಾಗಿಯೇ ಕದನ ವಿರಾಮ ಸಾರಿತು.

10 ಮತ್ತು 12ರ ನಡುವೆ ಎರಡೇ ದಿನ ಇರುವುದನ್ನು ನೋಡಿ. ಕಣಿವೆಯಲ್ಲಿದ್ದವರಿಗೆ ತ್ಸೆಂಗ್ ಜಾಂಗ್‌ನಲ್ಲಿ ಏನಾಯಿತು ಅಂತ ಗೊತ್ತು. ಪತ್ರಿಕೆ ಓದುವ ಜನರಿಗೆ ಅದರ ಅರ್ಥ ಗೊತ್ತಿಲ್ಲ. ಈ ಮೂರನೇ ಸಾಲು ಬರೆಯುತ್ತಾ ಹೋದರೆ ನೀವು ಇತಿಹಾಸವನ್ನು ಹಿಂದಿನಿಂದ ನೋಡಿ ‘ಇಷ್ಟೂ ತಿಳಿಯಲಿಲ್ಲವೇ’ ಎಂದು ಬೈಯುವುದು ಕಡಿಮೆಯಾಗುತ್ತದೆ. ಆ ಹೊತ್ತಿಗೆ, ಆ ಮನುಷ್ಯನ ಮುಂದೆ ಇದ್ದ ಸುದ್ದಿ ಎಷ್ಟು ಅಂತ ಕೇಳಲು ಕಲಿಯುತ್ತೀರಿ. ಗೊತ್ತಿದ್ದೂ ಸುಮ್ಮನಿದ್ದವರು ಯಾರು ಎಂಬುದೂ ಆಗಲೇ ಬೇರೆಯಾಗಿ ಕಾಣುತ್ತದೆ. 33ನೇ ಕೋರಿನ ಕಮಾಂಡರ್ ಉಮ್ರಾವ್ ಸಿಂಗ್ ಈ ಕಾರ್ಯಾಚರಣೆಗೆ ತಕರಾರು ಎತ್ತಿದ್ದರು. ಹೊಸ ಕೋರ್ ಹುಟ್ಟಿದ್ದು, ಆ ಪ್ರದೇಶ ಅವರ ಕೈಯಿಂದ ಹೋದದ್ದು ಅದರ ನಂತರ. ಸರಿಯಾದ ಮಾತು ಹೇಳಿದವರಿಗೆ ಏನಾಯಿತು ಎಂಬ ಸಾಲನ್ನು ಯಾವ ಯುದ್ಧದ ಪುಸ್ತಕದಲ್ಲೂ ತಪ್ಪದೆ ಹುಡುಕಿ.

ಬಂದೂಕಿಗಿಂತ ಮೊದಲು ಅಕ್ಕಿ, ಬೂಟು, ಎತ್ತು

ಹೊಸ ಓದುಗರು ಸರಬರಾಜಿನ ಅಧ್ಯಾಯ ಬಂದರೆ ಹಾರಿಸಿಬಿಡುತ್ತಾರೆ. ನಾನಾದರೆ ಅದನ್ನೇ ಮೊದಲು ಓದಿ ಅನ್ನುತ್ತೇನೆ.

ನಮ್ಕಾ ಚೂ ತಲುಪಲು ವಾಹನದ ರಸ್ತೆ ಇರಲಿಲ್ಲ. ತವಾಂಗ್ ಕಡೆಯಿಂದ ದಿನಗಟ್ಟಲೆ ನಡೆದು, ಎತ್ತರದ ಹಾಥುಂಗ್ ಲಾ ಕಣಿವೆದಾರಿ ದಾಟಿ ಇಳಿಯಬೇಕು. ವಿಮಾನದಿಂದ ಎಸೆದ ಸಾಮಾನು ಬೀಳಬೇಕಿದ್ದದ್ದು ತ್ಸಾಂಗ್‌ಧಾರ್ ಎಂಬ ಎತ್ತರದ ಬಯಲಿಗೆ. ಅದರಲ್ಲಿ ಎಷ್ಟೋ ಪ್ರಪಾತಕ್ಕೆ ಬಿದ್ದು ಹೋಯಿತು. ಬಿದ್ದದ್ದನ್ನು ಹೊತ್ತು ತರಲು ಹಮಾಲರು ಸಾಲದು. ಬಹಳಷ್ಟು ಜವಾನರ ಮೈಮೇಲೆ ಬೇಸಿಗೆಯ ಹತ್ತಿಯ ಸಮವಸ್ತ್ರ. ಕೈಯಲ್ಲಿ ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್. ಥಾಗ್ಲಾದ ಆಚೆ ಮಗ್ಗುಲಿನಲ್ಲಿ ಚೀನೀಯರ ರಸ್ತೆ ಹತ್ತಿರದವರೆಗೆ ಬಂದಿತ್ತು. ಇಷ್ಟು ಓದಿದ ಮೇಲೆ ಅಕ್ಟೋಬರ್ 20ರ ಬೆಳಿಗ್ಗೆ ಏನಾಗುತ್ತದೆ ಎಂದು ಊಹಿಸಲು ಕಷ್ಟವಿಲ್ಲ. ಆ ಹುಡುಗರು ಅಷ್ಟಾದರೂ ಹೋರಾಡಿದ್ದು ಹೇಗೆ ಎಂಬುದೇ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ.

ಇದು ಹಿಮಾಲಯಕ್ಕೆ ಮಾತ್ರ ಸೇರಿದ ಮಾತಲ್ಲ. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆ ಹತ್ತಿರದ ಕಾಳಗದಲ್ಲಿ ಟಿಪ್ಪುವಿನ ದಂಡನ್ನು ಹಿಂದೆ ತಳ್ಳಿದ್ದ. ಆದರೂ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ವಾಪಸ್ ಹೋಗಬೇಕಾಯಿತು. ಮಳೆ ಹಿಡಿದಿತ್ತು, ಧಾನ್ಯ ಇರಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಮೈಸೂರಿನವರ ಕಡೆ ಬೆಣ್ಣೆ ಚಾವಡಿಯಿಂದ, ಅಂದರೆ ಅರಸರ ದನ ಸಾಕುವ ಇಲಾಖೆಯಿಂದ, ಬಂದ ಅಮೃತಮಹಲ್ ಎತ್ತುಗಳಿದ್ದವು. ಹೈದರ್ ಮತ್ತು ಟಿಪ್ಪುವಿನ ದಂಡು ಅಷ್ಟು ಚುರುಕಾಗಿ ಸಾಗುತ್ತಿದ್ದುದರಲ್ಲಿ ಅವುಗಳ ಪಾಲು ದೊಡ್ಡದು. ನಮ್ಮ ಹಳ್ಳಿಯವರಿಗೆ ಗೊತ್ತಿರುವ ತಳಿಯೊಂದು ಸೇನಾ ಇತಿಹಾಸದ ಅಧ್ಯಾಯವೇ ಆಗುತ್ತದೆ.

ಪುಸ್ತಕದ ಜಾತಿ ಗುರುತಿಸಿ

ಸೇನಾ ಇತಿಹಾಸ ಅಂತ ಒಂದೇ ಕಪಾಟಿನಲ್ಲಿಟ್ಟರೂ ಎಲ್ಲ ಒಂದೇ ಬಗೆಯಲ್ಲ. ಅಧಿಕಾರಿಯ ನೆನಪುಗಳಲ್ಲಿ ಕಣ್ಣಾರೆ ಕಂಡದ್ದು ಸಿಗುತ್ತದೆ, ಜೊತೆಗೆ ಸ್ವಂತದ ಸಮರ್ಥನೆ ಇರುತ್ತದೆ. ರೆಜಿಮೆಂಟಿನ ಇತಿಹಾಸದಲ್ಲಿ ಹೆಸರು, ಪದಕ, ದಿನಾಂಕಗಳು ನಿಖರ. ಆದರೆ ತಮ್ಮ ಪಲಟಣದ ತಪ್ಪುಗಳು ಅಲ್ಲಿ ಬರುವುದು ಅಪರೂಪ. ಸರಕಾರದ ಅಧಿಕೃತ ಇತಿಹಾಸ ದಾಖಲೆಗಳನ್ನು ನೋಡಿ ಬರೆದದ್ದು, ನಿಧಾನ, ಒಣ, ಆದರೆ ತಾಳೆ ನೋಡಲು ಬೇಕೇ ಬೇಕು. 1962ರ ಯುದ್ಧದ ಬಗ್ಗೆ ರಕ್ಷಣಾ ಇಲಾಖೆ ಬರೆಸಿದ ಇತಿಹಾಸ ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. ಸೋಲಿನ ಬಗ್ಗೆ 1963ರಲ್ಲಿ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಕೊಟ್ಟ ವರದಿಯನ್ನು ಮಾತ್ರ ಸರಕಾರ ಇನ್ನೂ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗವನ್ನು ಮ್ಯಾಕ್ಸ್‌ವೆಲ್ 2014ರಲ್ಲಿ ಬಹಿರಂಗ ಮಾಡಿದರು. ಅಷ್ಟು ವರ್ಷವಾದರೂ ಸತ್ತವರ ಮನೆಯವರಿಗೆ ಪೂರ್ತಿ ವರದಿ ಓದಲು ಸಿಗದಿರುವುದು ಸರಿಯಲ್ಲ.

ಪುಸ್ತಕ ಕೊಳ್ಳುವಾಗ ಹಿಂದಿನ ಪುಟದ ಹೊಗಳಿಕೆ ನೋಡಬೇಡಿ. ಒಳಗೆ ನಕ್ಷೆ ಇದೆಯೇ, ಎದುರಾಳಿಯ ಕಡೆಯ ದಾಖಲೆ ಬಳಸಿದ್ದಾರೆಯೇ ನೋಡಿ. ಶತ್ರುವಿನ ಸಾವಿನ ಸಂಖ್ಯೆ ಪ್ರತಿ ಸಲ ಗುಂಡಾದ ಸಾವಿರಗಳಲ್ಲೇ ಬಂದರೆ ಎಚ್ಚರವಾಗಿರಿ.

ಜವಾನನನ್ನು ಹುಡುಕಿ, ಹೊರೆ ಹೊತ್ತವರನ್ನೂ

ಜನರಲ್‌ಗಳ ಪುಸ್ತಕದಲ್ಲಿ ಪಲಟಣ ‘ಸಾಗಿತು’, ‘ಹಿಮ್ಮೆಟ್ಟಿತು’ ಅಂತ ಬರುತ್ತದೆ. ಆ ಒಂದು ಪದದ ಒಳಗೆ ನೂರಾರು ಜನ ಇದ್ದಾರೆ. ಆದ್ದರಿಂದ ಒಂದು ಕಂಪನಿಯ ಮಟ್ಟದ ಕಥೆಯನ್ನೂ ಜೊತೆಗೆ ಓದಿ. ಅದೇ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು 13 ಕುಮಾವೂಂ ಪಲಟಣದ, ಮೇಜರ್ ಶೈತಾನ್ ಸಿಂಗ್ ಅವರ ಕಂಪನಿ ನಿಂತು ಹೋರಾಡಿತು. ಸುಮಾರು 120 ಜನರಲ್ಲಿ 114 ಮಂದಿ ಸತ್ತರು. 16,000 ಅಡಿಗೂ ಮೇಲಿನ ಎತ್ತರ. ನಡುವೆ ಬೆಟ್ಟ ಅಡ್ಡವಿದ್ದುದರಿಂದ ನಮ್ಮ ಫಿರಂಗಿಗಳ ನೆರವು ಅವರಿಗೆ ಸಿಗುವಂತಿರಲಿಲ್ಲ. ನಕ್ಷೆ ನೋಡುವ ಅಭ್ಯಾಸ ಬೆಳೆಸಿಕೊಂಡವರಿಗೆ ಈ ಒಂದು ವಾಕ್ಯ ಎದೆಗೆ ತಾಗುತ್ತದೆ. ಬದುಕಿ ಬಂದ ಕೆಲವರ ಮಾತನ್ನು ಮೊದಲು ಪೂರ್ತಿ ನಂಬಲಿಲ್ಲ. ಮುಂದಿನ ವರ್ಷ ಚಳಿಗಾಲದ ಕೊನೆಯಲ್ಲಿ ಆ ಜಾಗಕ್ಕೆ ಹೋದವರು ನೋಡಿದ್ದು ತಮ್ಮ ತಮ್ಮ ಗುಂಡಿಯಲ್ಲೇ, ಆಯುಧ ಹಿಡಿದೇ ಹೆಪ್ಪುಗಟ್ಟಿದ್ದ ಜವಾನರನ್ನು.

ಹೊರೆ ಹೊತ್ತವರು, ಅಡುಗೆಯವರು, ಊರು ಬಿಟ್ಟು ಓಡಿದವರು ಪುಸ್ತಕದಲ್ಲಿ ಎಲ್ಲಿದ್ದಾರೆ ಅಂತಲೂ ನೋಡಿ. ಮೈಸೂರು ಯುದ್ಧಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಹಿಂದೆ ಬರುತ್ತಿದ್ದ ಜನ ಸೈನಿಕರಿಗಿಂತ ಹಲವು ಪಟ್ಟು ಜಾಸ್ತಿ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕಾಲಿನಿಂದ ಓದುವುದು

ಮೈಸೂರು, ಮಂಡ್ಯ, ಬೆಂಗಳೂರಿನವರಿಗೆ ಒಂದು ಭಾಗ್ಯ ಇದೆ. ಒಂದು ದಿನದ ಬಿಡುವು ಮಾಡಿಕೊಂಡು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಡೆಯಬಹುದು. ಅರಮನೆ, ದೇವಸ್ಥಾನ ನೋಡಿ ಹಿಂದಿರುಗುವವರೇ ಹೆಚ್ಚು. ನೀವು ಕೋಟೆಯ ವಾಯವ್ಯ ಮೂಲೆಗೆ ಹೋಗಿ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರು ಒಳನುಗ್ಗಿದ ಬಿರುಕು ಅಲ್ಲಿತ್ತು. ಅಲ್ಲಿ ನಿಂತು ಕಾವೇರಿಯನ್ನು ನೋಡಿ. ಬೇಸಿಗೆಯಲ್ಲಿ ಹೋದರೆ ಬಂಡೆಗಳು ಕಾಣುವಷ್ಟು ನೀರು ಇಳಿದಿರುತ್ತದೆ, ಮಳೆಗಾಲದಲ್ಲಿ ದಾಟುವ ಮಾತೇ ಇಲ್ಲ. ಇಂಗ್ಲಿಷರ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಯಾಕೆ ಅಷ್ಟು ಅವಸರವಿತ್ತು ಎಂದು ಹೊಳೆಯುವುದು ಆಗ. ಅವನ ದಂಡಿನ ಅಕ್ಕಿಯೂ ಮುಗಿಯುತ್ತಾ ಬಂದಿತ್ತು. ಆ ನುಗ್ಗಾಟದ ಮುಂದಾಳು ಡೇವಿಡ್ ಬೇರ್ಡ್. ಅವನು 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು.

ಹೋಗುವ ಮೊದಲು ಎರಡು ಹಳೆಯ ಪುಸ್ತಕಗಳ ಆಯ್ದ ಭಾಗ ಓದಿ. ಹ್ಯಾರಿಸ್‌ನ ದಂಡಿನಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲೇ ಆ ಯುದ್ಧದ ವಿವರ ಅಚ್ಚು ಹಾಕಿಸಿದ. ಇನ್ನೊಂದು ಕಡೆಯಿಂದ, ಮೈಸೂರಿನ ಸೇವೆಯಲ್ಲಿದ್ದ ಕಿರ್ಮಾನಿ ಪರ್ಷಿಯನ್ನಿನಲ್ಲಿ ಹೈದರ್-ಟಿಪ್ಪು ಚರಿತ್ರೆ ಬರೆದ. ಅದರ ಇಂಗ್ಲಿಷ್ ಅನುವಾದ ಇದೆ. ಗೆದ್ದವರ ಪುಸ್ತಕ, ಸೋತವರ ಪುಸ್ತಕ ಎರಡನ್ನೂ ಕೈಯಲ್ಲಿ ಹಿಡಿದು ಕೋಟೆ ಸುತ್ತಿ.

ಕೊಡಗಿನ ಕಡೆ ಹೋದರೆ ಮಡಿಕೇರಿಯ ಸನ್ನಿ ಸೈಡ್ ಮನೆಗೂ ಹೋಗಿ. ಜನರಲ್ ತಿಮ್ಮಯ್ಯನವರ ಆ ಮನೆ ಈಗ ವಸ್ತುಸಂಗ್ರಹಾಲಯ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಅವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆಗಿನ ಜಗಳದಲ್ಲಿ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಕೇಳಿಕೊಂಡ ಮೇಲೆ ಹಿಂದೆ ತೆಗೆದುಕೊಂಡರು. 1962ರ ಪುಸ್ತಕಗಳು ಸಾಮಾನ್ಯವಾಗಿ ಈ ಘಟನೆಯನ್ನು ಬಿಡದೆ ಚರ್ಚಿಸುತ್ತವೆ.

ಪುಸ್ತಕ ಎಲ್ಲಿ ಸಿಗುತ್ತದೆ

ಹೊಸದು ಕೊಳ್ಳುವ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯ, ಹತ್ತಿರದ ಕಾಲೇಜು ಗ್ರಂಥಾಲಯ ನೋಡಿ. ಮೈಸೂರು ಯುದ್ಧಗಳ ಕಾಲದ ಇಂಗ್ಲಿಷ್ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಆ ಕಾಲದ ಕಾಗುಣಿತ ಹಾಕಬೇಕು. ಶ್ರೀರಂಗಪಟ್ಟಣ ಅಂದರೆ ಸಿಗುವುದಿಲ್ಲ, ಇಂಗ್ಲಿಷರು ಬರೆಯುತ್ತಿದ್ದ ಸೆರಿಂಗಪಟಮ್ ಎಂದರೆ ಸಿಗುತ್ತದೆ. ಟಿಪ್ಪುವಿನ ಹೆಸರನ್ನೂ ಎರಡು ಮೂರು ಬಗೆಯಲ್ಲಿ ಹಾಕಿ ನೋಡಿ. ಹಳೆಯ ಪುಸ್ತಕಗಳ ದೊಡ್ಡ ಮಡಚು ನಕ್ಷೆಗಳನ್ನು ಸ್ಕ್ಯಾನ್ ಮಾಡುವವರು ಎಷ್ಟೋ ಸಲ ಬಿಡಿಸದೆ ಮಡಚಿದಂತೆಯೇ ಬಿಟ್ಟಿರುತ್ತಾರೆ. ಹಾಗಾಗಿದ್ದರೆ ಅದೇ ಪುಸ್ತಕದ ಬೇರೆ ಗ್ರಂಥಾಲಯದ ಪ್ರತಿ ಅಲ್ಲೇ ಇದೆಯೇ ಹುಡುಕಿ. ಒಂದರಲ್ಲಾದರೂ ನಕ್ಷೆ ಬಿಚ್ಚಿಟ್ಟಿರಬಹುದು.